ನಡೆದು ಕರಗಿಸಿದ್ದನ್ನು ತಿಂದು ತುಂಬಿಕೊಳ್ಳಬೇಕೇ?

ತೂಕ ಇಳಿಸಲೆಂದು ಬೆಂಗಳೂರಿನ ಸುದ್ದಗುಂಟೆಪಾಳ್ಯದಿಂದ ಡೇರಿ ಸರ್ಕಲ್ ಕಡೆಗೆ ಬೆಳಗ್ಗೆ ಒಂದು ಗಂಟೆ ನಡೆದವರ ಕೈಗಡಿಯಾರ 210 ಕ್ಯಾಲೊರಿ ಖರ್ಚಾಯಿತೆಂದು ತೋರಿಸಿತು ಎನ್ನಿ. ಹಾಗಾದರೆ ಅಷ್ಟನ್ನು ಹೋಟೆಲಿನಲ್ಲಿ ತಿನ್ನಬಹುದಲ್ಲವೇ ಎಂಬ ಪ್ರಶ್ನೆ ಸಹಜ.

60 ಕಿಲೋ ತೂಕದವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ ಹೆಚ್ಚುಕಡಿಮೆ ಅಷ್ಟು ವ್ಯಯವಾಗುವುದು ನಿಜ. ಆದರೆ ಆ ಒಂದು ಗಂಟೆ ಸುಮ್ಮನೆ ಕುಳಿತಿದ್ದರೂ ಉಸಿರಾಟ, ಹೃದಯ ಬಡಿತ ಮುಂತಾದವುಗಳಿಗೆ ಸುಮಾರು 60 ಕ್ಯಾಲೊರಿ ಬೇಕಿತ್ತು. ನಡಿಗೆಯಿಂದ ಹೆಚ್ಚುವರಿಯಾಗಿ ಕರಗಿದ್ದು 150 ಮಾತ್ರ. ಒಂದು ಮಸಾಲೆ ದೋಸೆಗೆ ಅದು ಸಾಲದು. ಗಡಿಯಾರವನ್ನೂ ಪೂರ್ತಿ ನಂಬುವಂತಿಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂತಹ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಅತ್ಯಂತ ನಿಖರವಾದುದೂ ಕ್ಯಾಲೊರಿ ಲೆಕ್ಕದಲ್ಲಿ ಸರಾಸರಿ ಶೇ. 27ರಷ್ಟು ತಪ್ಪಿತ್ತು.

ಆಹಾರತಜ್ಞರು ಬರೆದುಕೊಟ್ಟ ದಿನದ ಆಹಾರದಲ್ಲಿ ನಡಿಗೆಯ ಲೆಕ್ಕ ಮೊದಲೇ ಸೇರಿರುವುದೂ ಉಂಟು. ಮತ್ತೆ ತಿಂದರೆ ಒಂದೇ ನಡಿಗೆಗೆ ಎರಡು ಬಾರಿ ಕೂಲಿ ಪಡೆದಂತೆ! ಆದ್ದರಿಂದ ಸಾಧಾರಣ ನಡಿಗೆಗೆ ಬೇರೆ ತಿಂಡಿ ಬೇಡ, ನೀರು ಸಾಕು.

10 ಕಿ.ಮೀ. ಓಡುವವರ ವಿಷಯ ಬೇರೆ. 60 ಕಿಲೋ ತೂಕದವರಿಗೆ ಅದರಿಂದ ಸುಮಾರು 600 ಕ್ಯಾಲೊರಿ ವ್ಯಯವಾಗುತ್ತದೆ. ಅವರು ಅರ್ಧದಷ್ಟನ್ನಾದರೂ ತಿನ್ನುವುದು ಒಳ್ಳೆಯದು, ಇಲ್ಲವಾದರೆ ಸುಸ್ತು ಕಾಡುತ್ತದೆ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಹಸಿದು ನಡೆಯಬಾರದು. ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ನಡಿಗೆಗೆ ಮುನ್ನ ಏನು, ಎಷ್ಟು ತಿನ್ನಬೇಕೆಂದು ವೈದ್ಯರನ್ನೇ ಕೇಳಿ, ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಂಡೇ ಹೊರಡಿ.