ಗ್ಲಾಕೋಮಾ ತಜ್ಞರ ಸಂಘಗಳೂ ಮಲೆನಾಡಿನ ನೇತ್ರಾರೋಗ್ಯವೂ

ಕಣ್ಣು ಮಂಜಾಯಿತೆಂದರೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆಯಾದರೆ ದೃಷ್ಟಿ ಮರಳುತ್ತದೆ ಎಂಬ ನಂಬಿಕೆ ನಾಡಿನ ಜನರಲ್ಲಿ ಆಳವಾಗಿ ಬೇರೂರಿದೆ. ಅದಕ್ಕೆ ಕಾರಣವೂ ಉಂಟು. ಡಾ. ಎಂ. ಸಿ. ಮೋದಿಯವರು ಊರೂರು ಸಂಚರಿಸಿ ನಡೆಸಿದ ಸಾಮೂಹಿಕ ನೇತ್ರ ಶಿಬಿರಗಳು ಅಸಂಖ್ಯಾತ ಬಡವರಿಗೆ ಬೆಳಕನ್ನಿತ್ತವು. ಭಾರತ ಸರ್ಕಾರವು ಅವರನ್ನು 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳಿಂದ ಗೌರವಿಸಿತು. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾಯಿತು. ಆದರೆ ಈ ನಂಬಿಕೆಯೇ ಅಪಾಯಕಾರಿಯಾಗುವ ಬೇನೆಯೊಂದಿದೆ. ಅದೇ ಗ್ಲಾಕೋಮಾ.

ಕಣ್ಣಿನೊಳಗೆ ಸದಾ ಸ್ರವಿಸುವ ತಿಳಿದ್ರವವು ಕಪ್ಪುಗುಡ್ಡೆಯ ಅಂಚಿನ ಕೋನದಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ಹೊರಹೋಗುತ್ತದೆ. ಆ ದಾರಿಗೆ ಅಡ್ಡಿಯಾದರೆ ಒಳಗಿನ ಒತ್ತಡ ಏರಿ, ಮಿದುಳಿಗೆ ದೃಷ್ಟಿಯನ್ನು ಒಯ್ಯುವ ನರವು ಕ್ರಮೇಣ ನಶಿಸುತ್ತದೆ. ಸಾಮಾನ್ಯವಾಗಿ ಮೊದಲು ಕುಂದುವುದು ಪಕ್ಕದ ನೋಟ. ಎದುರಿನ ಅಕ್ಷರ ಸ್ಪಷ್ಟವಾಗಿ ಕಾಣುತ್ತಿರುವುದರಿಂದ ರೋಗಿಗೆ ಸಂಶಯವೇ ಬಾರದು. ತೋಟದ ಸಂಕ ದಾಟುವಾಗ ಅಂಚು ತಪ್ಪಿದರೆ ವಯಸ್ಸಾಯಿತೆಂದು ಸಮಾಧಾನಪಡುತ್ತಾನೆ. ಪೊರೆ ಬಲಿತ ಮೇಲೆ ತೆಗೆಸಿದರಾಯಿತೆಂದು ಕಾಯುತ್ತಾನೆ. ನಶಿಸಿದ ನರವನ್ನು ಮಾತ್ರ ಯಾವ ಶಸ್ತ್ರಚಿಕಿತ್ಸೆಯೂ ಮರಳಿಸಲಾರದು.

ಭಾರತದ ನೇತ್ರವೈದ್ಯರ ಅಖಿಲ ಭಾರತ ಸಂಘವು 1930ರಲ್ಲೇ ಸ್ಥಾಪನೆಯಾಗಿತ್ತು. ಜ್ಞಾನ ಬೆಳೆದಂತೆ ಈ ಒಂದೇ ಬೇನೆಗೆ ಮೀಸಲಾದ ಸಂಘಗಳು ಅಗತ್ಯವೆನಿಸಿದವು. ಅಮೆರಿಕದಲ್ಲಿ 1985ರಲ್ಲಿ ಗ್ಲಾಕೋಮಾ ಸೊಸೈಟಿ ಹುಟ್ಟಿತು. ಭಾರತದಲ್ಲಿಯೂ ಗ್ಲಾಕೋಮಾ ಸೊಸೈಟಿ ಆಫ್ ಇಂಡಿಯಾ ಕಾರ್ಯನಿರತವಾಗಿದೆ. ವಿವಿಧ ದೇಶಗಳ ಇಂತಹ ಸಂಘಗಳನ್ನು ವಿಶ್ವ ಗ್ಲಾಕೋಮಾ ಸಂಘವು ಒಂದುಗೂಡಿಸಿದೆ.

ಈ ಸಂಘಗಳ ಮೊದಲ ಕಾರ್ಯ, ರೋಗನಿರ್ಣಯದಲ್ಲಿ ಒಮ್ಮತವನ್ನು ತರುವುದು. ಒತ್ತಡವು ಪಾದರಸದ 21 ಮಿಲಿಮೀಟರನ್ನು ಮೀರಿದರೆ ಮಾತ್ರ ರೋಗವೆಂಬ ಭಾವನೆ ಹಿಂದೆ ಇತ್ತು. ಒತ್ತಡ ಸಹಜವಿದ್ದರೂ ನರ ಕೆಡಬಹುದೆಂಬುದು ಈಗ ಸರ್ವಸಮ್ಮತ. ಆದುದರಿಂದ ಒತ್ತಡದೊಂದಿಗೆ ನರದ ತಲೆ, ದ್ರವ ಹೊರಹೋಗುವ ಕೋನ ಹಾಗೂ ದೃಷ್ಟಿಯ ಹರವು, ಇವೆಲ್ಲವನ್ನೂ ಪರೀಕ್ಷಿಸಬೇಕೆಂಬುದು ತಜ್ಞರ ನಿಯಮ. ಕೋನವೇ ಮುಚ್ಚಿಕೊಳ್ಳುವ ಬಗೆಯು ಪಾಶ್ಚಾತ್ಯರಿಗಿಂತ ಏಷ್ಯಾದವರಲ್ಲಿ ಹೆಚ್ಚು. ಹೀಗಾಗಿ ದೇಶೀಯ ಸಂಘಕ್ಕೆ ವಿಶೇಷ ಹೊಣೆಯಿದೆ. ಎರಡನೆಯದು, ಸಮ್ಮೇಳನಗಳ ಮೂಲಕ ಸಾಮಾನ್ಯ ನೇತ್ರವೈದ್ಯರಿಗೂ ಈ ವಿದ್ಯೆಯನ್ನು ತಲುಪಿಸುವುದು. ಮೂರನೆಯದು ಜನಜಾಗೃತಿ. 2008ರ ಮಾರ್ಚ್ 6ರಂದು ಮೊದಲ ವಿಶ್ವ ಗ್ಲಾಕೋಮಾ ದಿನವನ್ನು ಆಚರಿಸಲಾಯಿತು. ಈಗ ಪ್ರತಿ ಮಾರ್ಚ್ ತಿಂಗಳಲ್ಲಿ ಒಂದು ಸಪ್ತಾಹವೇ ನಡೆಯುತ್ತದೆ.

ಆದರೆ ತಜ್ಞರು ನೆಲೆಸಿರುವುದು ಬಹುಪಾಲು ನಗರಗಳಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಶಿವಮೊಗ್ಗ ಸುಮಾರು 60ರಿಂದ 70 ಕಿಲೋಮೀಟರ್ ದೂರ. ಒಳಹಳ್ಳಿಯವರಿಗೆ ಮುಖ್ಯ ರಸ್ತೆ ತಲುಪುವುದೇ ಒಂದು ಪ್ರಯಾಣ. ಮಳೆಗಾಲದಲ್ಲಿ ಅದು ಇನ್ನೂ ಕಷ್ಟ. ಈ ಬೇನೆಗೋ ಸಾಮಾನ್ಯವಾಗಿ ಜೀವನಪರ್ಯಂತ ಔಷಧದ ಹನಿ ಬೇಕು, ಆಗಾಗ ತಪಾಸಣೆ ಬೇಕು. ಹನಿ ಹಾಕಿದರೂ ನೋಟ ಸುಧಾರಿಸಲಿಲ್ಲವೆಂದು ಬೇಸತ್ತು ನಿಲ್ಲಿಸುವವರುಂಟು. ಹನಿಯ ಉದ್ದೇಶ ಉಳಿದ ನೋಟದ ರಕ್ಷಣೆಯೆಂಬುದನ್ನು ಅವರಿಗೆ ತಿಳಿಯಹೇಳುವವರು ಬೇಕು.

ಸಂಘಗಳ ಜ್ಞಾನ ಮನೆಬಾಗಿಲಿಗೆ ಬರುವುದು ಇಂತಹ ಸ್ಥಳೀಯರ ನೆರವಿನಿಂದಲೇ. ನಲವತ್ತು ದಾಟಿ ಓದುವ ಕನ್ನಡಕಕ್ಕೆಂದು ಹೋದಾಗ ಒತ್ತಡವನ್ನೂ ನರವನ್ನೂ ಪರೀಕ್ಷಿಸಿಕೊಳ್ಳುವ ರೂಢಿಯನ್ನು ಶಿಕ್ಷಕರು ತಾವೇ ಆರಂಭಿಸಬಹುದು. ಒಬ್ಬರಿಗೆ ಈ ಬೇನೆಯಿದ್ದರೆ ಅವರ ಒಡಹುಟ್ಟಿದವರೂ ಮಕ್ಕಳೂ ತಪಾಸಣೆಗೆ ಒಳಗಾಗಬೇಕು. ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಹನಿಗಳನ್ನು ಬಳಸಬಾರದು, ಅವುಗಳಿಂದಲೂ ಒತ್ತಡ ಏರಬಹುದು. ಶಿಬಿರದ ಯಶಸ್ಸನ್ನು ಶಸ್ತ್ರಚಿಕಿತ್ಸೆಗಳ ಸಂಖ್ಯೆಯಿಂದ ಅಳೆಯುವ ದಾನಿಗಳು, ಬಡರೋಗಿಯೊಬ್ಬನ ವರ್ಷದ ಹನಿಗೂ ಬಸ್ ವೆಚ್ಚಕ್ಕೂ ನೆರವಾಗುವುದನ್ನು ಅಷ್ಟೇ ಹಿರಿದೆಂದು ಎಣಿಸಬೇಕು. ಅನ್ನದಾಸೋಹ, ಜ್ಞಾನದಾಸೋಹಗಳ ಪರಂಪರೆಯಲ್ಲಿ ಬೆಳೆದ ಸಂಸ್ಥೆಗೆ ಇದು ಹೊಸ ಧರ್ಮವೇನೂ ಅಲ್ಲ. ಕಳೆದ ನೋಟವನ್ನು ತರಲಾಗದಿರಬಹುದು, ಉಳಿದುದನ್ನು ಕಾಯುವುದೂ ದಾಸೋಹವೇ.