ಬಡತನ ಓಡಿಸಿತು, ಸಿರಿ ಸೆಳೆಯಿತು: ವಲಸೆ ಎಂದರೆ ಇಷ್ಟೇ ಏನು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಯಾರಾದರೂ ದುಬೈಗೋ ಅಮೆರಿಕಕ್ಕೋ ಹೊರಟರೆ ಕಾರಣವನ್ನು ಯಾರೂ ಕೇಳುವುದೇ ಇಲ್ಲ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಅಲ್ಲಿ ದುಡ್ಡಿದೆ. ಮತ್ತೇನು ಬೇಕು ಎನ್ನುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ, ಆದರೆ ಪೂರ್ತಿ ನಿಜವಾಗಿದ್ದರೆ ಜಗತ್ತಿನ ಬಡವರೆಲ್ಲ ಇಷ್ಟು ಹೊತ್ತಿಗೆ ಸಿರಿವಂತ ದೇಶಗಳಲ್ಲಿ ಇರಬೇಕಿತ್ತು. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಹುಟ್ಟಿದ ದೇಶ ಬಿಟ್ಟು ಬೇರೆಡೆ ಬದುಕುತ್ತಿರುವವರು ಸುಮಾರು 30 ಕೋಟಿ, ಅಂದರೆ ಜನಸಂಖ್ಯೆಯ ಶೇ. 4ಕ್ಕಿಂತ ಕಡಿಮೆ. ಬಡತನ ಮತ್ತು ಸಿರಿತನದ ನಡುವಿನ ಅಂತರ ಒಂದೇ ಯಾರನ್ನೂ ಗಡಿ ದಾಟಿಸುವುದಿಲ್ಲ. ಅಲ್ಲಿ ಕರೆಯುವ ಕೆಲಸವಿರಬೇಕು, ದಾರಿಖರ್ಚಿಗೆ ಹಣವಿರಬೇಕು, ಮೊದಲೇ ಹೋದ ಪರಿಚಯದವರು ಇರಬೇಕು, ಕಾನೂನು ಒಪ್ಪಬೇಕು.

ತಪ್ಪು ಕಲ್ಪನೆ: ಬರ ಬಿದ್ದಷ್ಟೂ, ಬಡತನ ಹೆಚ್ಚಿದಷ್ಟೂ ಜನ ದೂರ ಹೋಗುತ್ತಾರೆ

1876–78ರ ಮಹಾ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಅತಿ ಹೆಚ್ಚು ನಲುಗಿದ ಸೀಮೆಗಳಲ್ಲಿ ಕೋಲಾರವೂ ಒಂದು. ಏನೂ ಉಳಿಯದವರು ಪರದೇಶಕ್ಕೆ ಹೋಗಲಿಲ್ಲ, ಗಂಜಿ ಕೇಂದ್ರಗಳ ಸುತ್ತಮುತ್ತಲೇ ಉಸಿರು ಬಿಟ್ಟರು. ಈ ಜಿಲ್ಲೆ ಕಂಡ ದೊಡ್ಡ ವಲಸೆ ನಡೆದದ್ದು ಬರ ಮುಗಿದ ಮೇಲೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗಳಿಗೆ ಕೈಹಾಕಿತು. 1901ರ ಜನಗಣತಿಯ ಹೊತ್ತಿಗೆ ಆ ಗಣಿಗಳ ಪಟ್ಟಣವಾದ ಕೆಜಿಎಫ್‌ನ ಜನಸಂಖ್ಯೆ 38 ಸಾವಿರ ದಾಟಿತ್ತು. ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಪಕ್ಕದ ಹಳ್ಳಿಗಳವರಲ್ಲ, ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ತಮಿಳರು ಮತ್ತು ತೆಲುಗರು. ಬೆಂಗಳೂರು–ಜೋಲಾರಪೇಟೆ ರೈಲು ಮಾರ್ಗ 1864ರಲ್ಲೇ ಆಗಿತ್ತು. ಒಬ್ಬ ಮೇಸ್ತ್ರಿ ತನ್ನ ಊರಿನವರನ್ನು ಕರೆತಂದ, ಅವರು ತಮ್ಮ ನೆಂಟರನ್ನು ಕರೆಸಿಕೊಂಡರು. ಬಂದವರಲ್ಲಿ ಬಹುಪಾಲು ದಲಿತರು. ಅವರಿಗೆ ಕೂಲಿಯಷ್ಟೇ ಮುಖ್ಯವಾಗಿ ಬೇಕಿದ್ದುದು ಊರಿನ ಜಮೀನುದಾರರ ಜೀತದಿಂದ ಬಿಡುಗಡೆ. ಅದೇ ಗಣಿಗಳಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದವರು ಅಲ್ಲಿನ ತಾಮ್ರ ಮತ್ತು ತವರದ ಗಣಿಗಳಲ್ಲಿ ಪಳಗಿದವರು. ಅವರನ್ನು ಇಲ್ಲಿಗೆ ತಂದದ್ದು ಕೈಯಲ್ಲಿದ್ದ ಕಸುಬು.

ಬರ ಬಂದಾಗ ಹಳ್ಳಿಗಳು ಖಾಲಿಯಾಗುವುದನ್ನು ನಾವು ಕಂಡಿಲ್ಲವೇ ಎಂದು ಕೇಳಬಹುದು. ಖಾಲಿಯಾಗುವುದು ನಿಜ, ಆದರೆ ಹೋಗುವುದು ಹತ್ತಿರದ ಪಟ್ಟಣಕ್ಕೆ, ಹೆಚ್ಚೆಂದರೆ ಬೆಂಗಳೂರಿಗೆ, ಬಹಳ ಸಲ ಕೆಲವು ತಿಂಗಳ ಮಟ್ಟಿಗೆ. ಬಹುಪಾಲು ವಲಸಿಗರು ಸಮೀಪಕ್ಕೇ ಹೋಗುತ್ತಾರೆಂದು ಭೂಗೋಳಜ್ಞ ರಾವೆನ್‌ಸ್ಟೈನ್ ಬ್ರಿಟನ್ನಿನ ಜನಗಣತಿಯ ಲೆಕ್ಕ ಹಿಡಿದು 1885ರಲ್ಲೇ ತೋರಿಸಿದ್ದರು.

ತಪ್ಪು ಕಲ್ಪನೆ: ಸಮೃದ್ಧ, ಬಹುಸಂಸ್ಕೃತಿಯ ದೇಶ ತಾನಾಗಿಯೇ ಜನರನ್ನು ಸೆಳೆಯುತ್ತದೆ

ಅಮೆರಿಕ 1950ರಲ್ಲೂ ಶ್ರೀಮಂತವಾಗಿತ್ತು, ಭಾರತ ಆಗ ಇಂದಿಗಿಂತ ಬಹಳ ಬಡವಾಗಿತ್ತು. ಆದರೂ ಹೋದವರು ಬೆರಳೆಣಿಕೆಯಷ್ಟು, ಏಕೆಂದರೆ 1946ರ ಕಾಯ್ದೆ ಭಾರತೀಯರಿಗೆ ಕೊಟ್ಟಿದ್ದು ವರ್ಷಕ್ಕೆ 100 ಜನರ ಕೋಟಾ ಮಾತ್ರ. 1965ರಲ್ಲಿ ದೇಶವಾರು ಕೋಟಾ ಪದ್ಧತಿಯನ್ನು ರದ್ದುಪಡಿಸಿ, ವೃತ್ತಿ ಕೌಶಲ ಮತ್ತು ಕುಟುಂಬ ಸಂಬಂಧಗಳಿಗೆ ಆದ್ಯತೆ ಕೊಟ್ಟ ಮೇಲೆ ಚಿತ್ರ ಬದಲಾಯಿತು. ಇಂದು ಅಲ್ಲಿರುವ ಭಾರತ ಮೂಲದ ವಯಸ್ಕರಲ್ಲಿ ನಾಲ್ವರಲ್ಲಿ ಸುಮಾರು ಮೂವರು ಪದವೀಧರರು. ಬಡತನ ತಳ್ಳಿದ್ದೇ ಕಾರಣವಾಗಿದ್ದರೆ ಈ ಲೆಕ್ಕ ತಲೆಕೆಳಗಾಗಿರಬೇಕಿತ್ತು. ವೈವಿಧ್ಯಕ್ಕೆ ಸಿಗುವ ಮನ್ನಣೆಯೇ ಆಕರ್ಷಣೆ ಎನ್ನುವವರು ಕೊಲ್ಲಿ ದೇಶಗಳತ್ತ ನೋಡಬೇಕು. ಅಲ್ಲಿ ದಶಕಗಳ ಕಾಲ ದುಡಿದರೂ ಪೌರತ್ವ ಸಿಗುವುದು ಅಪರೂಪದಲ್ಲಿ ಅಪರೂಪ. ಆದರೂ ಲಕ್ಷಾಂತರ ಭಾರತೀಯರು ಅಲ್ಲಿದ್ದಾರೆ, ಏಕೆಂದರೆ 1973ರ ತೈಲ ಬೆಲೆ ಏರಿಕೆಯ ನಂತರ ಕಟ್ಟುವ ಕೆಲಸ ಅಲ್ಲಿ ಮುಗಿಯಲೇ ಇಲ್ಲ. ಜನ ಬಂದ ಮೇಲೆ ದೇಶ ಬಹುಭಾಷಿಕವಾಗುತ್ತದೆ. ಕೆಜಿಎಫ್‌ನಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ಒಟ್ಟಿಗೆ ನೆಲೆಸಿದ್ದೂ ಹೀಗೆಯೇ.

ತಪ್ಪು ಕಲ್ಪನೆ: ಊರು ಉದ್ಧಾರವಾದರೆ ವಲಸೆ ನಿಲ್ಲುತ್ತದೆ

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ನರಸಾಪುರ, ವೇಮಗಲ್‌ಗಳಲ್ಲಿ ದೊಡ್ಡ ಕಾರ್ಖಾನೆಗಳು ಎದ್ದಿವೆ. ಇವೆಲ್ಲ ಬೇಕಾದವೇ. ಆದರೆ ಇವುಗಳಿಂದ ಮಕ್ಕಳು ಹೊರಗೆ ಹೋಗುವುದು ನಿಲ್ಲುತ್ತದೆಂದು ಎಣಿಸಿದರೆ ನಿರಾಶೆಯೇ ಗತಿ. ಟೊಮೊಟೊಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ ಮುಳಬಾಗಿಲಿನ ರೈತ, ಮಾವಿಗೆ ಬೆಲೆ ಬಂದ ವರ್ಷ ಶ್ರೀನಿವಾಸಪುರದ ತೋಪಿನ ಯಜಮಾನ ಮೊದಲು ಖರ್ಚು ಮಾಡುವುದು ಮಕ್ಕಳ ಓದಿಗೆ. ಓದಿದ ಮಕ್ಕಳಿಗೆ ದೂರದ ಕೆಲಸದ ಅರ್ಹತೆಯೂ ಬರುತ್ತದೆ, ಟಿಕೆಟ್ ದುಡ್ಡೂ ಹೊಂದುತ್ತದೆ. ಸಾಕ್ಷರತೆ, ಆರೋಗ್ಯಗಳಲ್ಲಿ ದೇಶದ ಮುಂಚೂಣಿಯಲ್ಲಿರುವ ಕೇರಳದ ಸುಮಾರು 22 ಲಕ್ಷ ಜನ ಹೊರದೇಶಗಳಲ್ಲಿದ್ದಾರೆ. ತೀರಾ ಬಡ ಸಮಾಜ ಅನುಕೂಲ ಕಂಡಂತೆ ವಲಸೆ ಮೊದಲು ಏರುತ್ತದೆ, ಸಮಾಜ ಬಹಳ ಮುಂದುವರಿದ ಮೇಲಷ್ಟೇ ಇಳಿಯುತ್ತದೆ. ಇತ್ತ ಮಾಲೂರಿನ ಇಟ್ಟಿಗೆ ಗೂಡು, ಕಾರ್ಖಾನೆಗಳಿಗೆ ಒಡಿಶಾ, ಬಿಹಾರದವರು ಬರುತ್ತಾರೆ. ಒಂದೇ ಜಿಲ್ಲೆ ಜನರನ್ನು ಕಳಿಸುತ್ತಲೂ ಇದೆ, ಬರಮಾಡಿಕೊಳ್ಳುತ್ತಲೂ ಇದೆ.

ಬಂದ ಕಾರಣ ತೀರಿದರೆ ಬಂದವರು ಹಿಂದಿರುಗುತ್ತಾರೆಂಬ ಲೆಕ್ಕವೂ ಇಲ್ಲಿ ಸುಳ್ಳಾಗಿದೆ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿಗಳು ಮುಚ್ಚಿದವು. ಕಾರ್ಮಿಕ ಕುಟುಂಬಗಳಲ್ಲಿ ಬಹಳಷ್ಟು ಅಜ್ಜನ ಊರಿಗೆ ಮರಳಲಿಲ್ಲ. ಅಲ್ಲೇ ಉಳಿದು, ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋದವು.

ತಪ್ಪು ಕಲ್ಪನೆ: ಹೊರಗಿನವನಿಗೆ ಸಿಕ್ಕ ಕೆಲಸ ಒಳಗಿನವನು ಕಳೆದುಕೊಂಡ ಕೆಲಸ

ಈ ದೂರಿನ ಹಿಂದಿನ ಆತಂಕ ನಿಜವಾದದ್ದು. ಸ್ಥಳೀಯರ ಉದ್ಯೋಗ ಕುರಿತ ಸರೋಜಿನಿ ಮಹಿಷಿ ವರದಿಯೂ ಅದರಿಂದಲೇ ಹುಟ್ಟಿತು. ಆದರೆ ಕೆಲಸಗಳ ಸಂಖ್ಯೆ ಮೊದಲೇ ಗೊತ್ತುಪಡಿಸಿಟ್ಟದ್ದಲ್ಲ. ಗಣಿ ಕಾರ್ಮಿಕರ ಕೂಲಿ ಸುತ್ತಲಿನ ತರಕಾರಿ, ಹಾಲು, ಬಟ್ಟೆ ವ್ಯಾಪಾರಕ್ಕೇ ಬಂತು. ಕೂಲಿಗೆ ಪೆಟ್ಟು ಬೀಳುವುದು ಗುತ್ತಿಗೆ ಕಾರ್ಮಿಕರಿಗೆ ರಕ್ಷಣೆ ಇಲ್ಲದ ಕಡೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಗಲಭೆಯಾದಾಗ ಗುತ್ತಿಗೆ ನೌಕರರ ಸಿಟ್ಟು ಇದ್ದುದು ಸಂಬಳದ ಬಗ್ಗೆ, ಪರ ಊರಿನವರ ಬಗ್ಗೆ ಅಲ್ಲ.

ಈ ತಪ್ಪು ಕಲ್ಪನೆಗಳಿಗೆ ಬೆಲೆ ತೆರುವವರು ಹೊರಡಲು ಸಿದ್ಧರಾದ ಬಡವರೇ. ‘ಶ್ರೀಮಂತ ದೇಶ, ಯಾರು ಹೋದರೂ ಕೆಲಸ ಸಿಗುತ್ತದೆ’ ಎಂದು ನಂಬಿಸಿ ನಕಲಿ ಏಜೆಂಟರು ಒಡವೆ ಅಡ ಇಡಿಸುತ್ತಾರೆ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ ತೆರಿಗೆ. ಹೊರದೇಶದಲ್ಲಿ ಪರಿಚಯದವರಿಲ್ಲದೆ ಹೊರಡುವವರು ಆ ದೇಶ ಎಷ್ಟು ಸಿರಿವಂತ ಎಂದು ವಿಚಾರಿಸುವುದಕ್ಕಿಂತ ಕರೆದಿರುವ ಕೆಲಸ ಯಾವುದು, ಕರೆದವರು ಯಾರು, ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳುವುದು ಮೇಲು.