ನೀಟ್ ಅಂಕ ಒಂದೇ ಕಡೆ ನಿಂತಿದೆಯೇ?

ನೀಟ್‌ಗೆ ಓದುವ ಮಕ್ಕಳಿರುವ ಮನೆಗಳಲ್ಲಿ, ಅದರಲ್ಲೂ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿದವರ ಮನೆಗಳಲ್ಲಿ, ಒಂದು ಹಂತ ದಾಟಿದ ಮೇಲೆ ಕೇಳುವ ಮಾತು ಇದು: ‘ಎಷ್ಟು ಓದಿದರೂ 480 ದಾಟುತ್ತಿಲ್ಲ.’ ಆಗ ನಾಲ್ಕೂ ಕಡೆಯಿಂದ ಸಲಹೆಗಳು ಬರುತ್ತವೆ. ಹಲವು ಸಲಹೆಗಳು ಮಕ್ಕಳನ್ನು ದಣಿಸುತ್ತವೆಯೇ ಹೊರತು ಅಂಕ ಏರಿಸುವುದಿಲ್ಲ.

ತಪ್ಪು ಕಲ್ಪನೆ: ಅಂಕ ಏರುತ್ತಿಲ್ಲವೆಂದರೆ ಓದು ಸಾಲದು, ನಿದ್ದೆ ಬಿಟ್ಟು ಓದಬೇಕು.

ಸತ್ಯ: ಮೊದಲು ಲೆಕ್ಕ ಹಾಕಿ. 2025ರಲ್ಲಿ ಐಚ್ಛಿಕ ಪ್ರಶ್ನೆಗಳನ್ನು ತೆಗೆದ ಮೇಲೆ ನೀಟ್‌ನಲ್ಲಿ 180 ಪ್ರಶ್ನೆಗಳು, 720 ಅಂಕ. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಎಲ್ಲಕ್ಕೂ ಉತ್ತರ ಗುರುತಿಸಿ 480 ಪಡೆದವರು 132 ಸರಿ, 48 ತಪ್ಪು ಮಾಡಿರುತ್ತಾರೆ. ಆ 48ರಲ್ಲಿ ಹತ್ತು ಸರಿಹೋದರೆ ಸಾಕು, ಅಂಕ 530. ಒಂದೊಂದು ತಪ್ಪು ತಿದ್ದಿಕೊಂಡಾಗಲೂ ಐದು ಅಂಕ ಕೈಸೇರುತ್ತದೆ.

ಹಾಗಾಗಿ ಆ 48 ಪ್ರಶ್ನೆಗಳನ್ನು ಒಂದೊಂದಾಗಿ ನೋಡಬೇಕು. ‘ತಪ್ಪಾದ ಹೇಳಿಕೆ ಯಾವುದು’ ಎಂದಿದ್ದನ್ನು ಅವಸರದಲ್ಲಿ ಸರಿಯಾದ ಹೇಳಿಕೆ ಎಂದು ಓದಿಕೊಂಡದ್ದು ಒಂದು ಬಗೆ. ಸೆಂಟಿಮೀಟರನ್ನು ಮೀಟರ್‌ಗೆ ಬದಲಿಸದೆ ಸೂತ್ರಕ್ಕೆ ಹಾಕಿದ್ದು ಇನ್ನೊಂದು. ಮೂರನೆಯದು ಹೆಚ್ಚು ಮೋಸ ಮಾಡುತ್ತದೆ: ಮಿಯಾಸಿಸ್ ಪಾಠವನ್ನು ಹಲವು ಸಲ ಓದಿದ್ದರೂ ಕ್ರಾಸಿಂಗ್ ಓವರ್ ನಡೆಯುವುದು ಪ್ಯಾಕಿಟೀನ್‌ನಲ್ಲೋ, ಡಿಪ್ಲೋಟೀನ್‌ನಲ್ಲೋ ಎಂದು ಪರೀಕ್ಷೆಯಲ್ಲಿ ಗೊಂದಲವಾಗುತ್ತದೆ. ನಡೆಯುವುದು ಪ್ಯಾಕಿಟೀನ್‌ನಲ್ಲಿ, ಕಯಾಸ್ಮಾ ಕಾಣಿಸುವುದು ಡಿಪ್ಲೋಟೀನ್‌ನಲ್ಲಿ. ಎರಡೂ ಪದ ಪರಿಚಿತ, ಆದರೆ ಯಾವುದು ಎಲ್ಲಿ ಎಂಬುದು ಗಟ್ಟಿಯಾಗಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ನಿದ್ದೆಗೆಟ್ಟು ಓದಿದರೆ ಮೊದಲ ಎರಡು ಇನ್ನೂ ಹೆಚ್ಚುತ್ತವೆ.

ತಪ್ಪು ಕಲ್ಪನೆ: ಎನ್‌ಸಿಇಆರ್‌ಟಿ ಪುಸ್ತಕವನ್ನು ಮತ್ತೆ ಮತ್ತೆ ಓದಿದರೆ ತಾನಾಗಿ ತಲೆಯಲ್ಲಿ ಉಳಿಯುತ್ತದೆ.

ಸತ್ಯ: ಪುಸ್ತಕ ಸರಿ, ವಿಧಾನ ಸರಿಯಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರು ಪಾಠವನ್ನು ಮತ್ತೆ ಓದಿದರು. ಉಳಿದವರು ಓದಿದ್ದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಾದರು. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆದು, ಆಮೇಲೆ ತೆರೆದು ಹೋಲಿಸುವುದು ಕಷ್ಟವೆನಿಸುತ್ತದೆ. ನಿಜವಾದ ಕಲಿಕೆ ಆಗುವುದು ಆ ಕಷ್ಟದಲ್ಲೇ.

ತಪ್ಪು ಕಲ್ಪನೆ: ನೆಗೆಟಿವ್ ಮಾರ್ಕಿಂಗ್ ಇದೆ, ಪೂರ್ತಿ ಗೊತ್ತಿಲ್ಲದ್ದನ್ನು ಮುಟ್ಟಲೇಬಾರದು.

ಸತ್ಯ: ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ತಪ್ಪೆಂದು ಗೊತ್ತಿದ್ದರೆ, ಉಳಿದೆರಡರಲ್ಲಿ ಒಂದನ್ನು ಆರಿಸಿದಾಗ ಸರಾಸರಿ ಒಂದೂವರೆ ಅಂಕದ ಲಾಭ. ಒಂದನ್ನು ಮಾತ್ರ ತೆಗೆದುಹಾಕಿದರೂ ಲಾಭವೇ. ಏನೂ ಗೊತ್ತಿಲ್ಲದೆ ಗುರುತಿಸಿದರೆ ಸರಾಸರಿ ಲಾಭ ಕಾಲು ಅಂಕ. ಅದನ್ನು ನೆಚ್ಚಿಕೊಳ್ಳುವುದು ಬೇಡ. ಸಿಇಟಿಯಲ್ಲಂತೂ ತಪ್ಪಿಗೆ ಕಡಿತವೇ ಇಲ್ಲ, ಅಲ್ಲಿ ಒಂದನ್ನೂ ಖಾಲಿ ಬಿಡಬೇಡಿ.

ಇನ್ನು ದಿನಕ್ಕೊಂದು ಮಾಕ್ ಟೆಸ್ಟ್ ಬರೆದರೆ ಅಂಕ ಏರುತ್ತದೆ ಎಂಬ ನಂಬಿಕೆ. ಬರೆದ ಪತ್ರಿಕೆಯನ್ನು ಕೂತು ಬಿಡಿಸಿ ನೋಡದಿದ್ದರೆ ಅದೇ ತಪ್ಪುಗಳು ಅಭ್ಯಾಸವಾಗುತ್ತವೆ. ಒಂದು ಟೆಸ್ಟ್‌ನಿಂದ ಇನ್ನೊಂದಕ್ಕೆ 20 ಅಂಕ ಇಳಿದರೆ ಗಾಬರಿಯೂ ಬೇಡ, ಅದು ನಾಲ್ಕೇ ಪ್ರಶ್ನೆಗಳ ಮಾತು.

ಪೋಷಕರಲ್ಲಿ ಒಂದು ಕೋರಿಕೆ: ಹೊಸ ಟೆಸ್ಟ್ ಸೀರೀಸ್‌ಗೆ ದುಡ್ಡು ಕಟ್ಟುವ ಮೊದಲು, ಮಕ್ಕಳು ಈಗಾಗಲೇ ಬರೆದಿರುವ ಕೊನೆಯ ಮೂರು ಪತ್ರಿಕೆಗಳ ತಪ್ಪುಗಳನ್ನು ಬಿಡಿಸಿ ನೋಡಲು ಅವರಿಗೆ ಒಂದು ವಾರ ಬಿಡುವು ಕೊಡಿ. ಆ ವಾರ ಅಂಕ ಎಷ್ಟೆಂದು ಮಾತ್ರ ಕೇಳಬೇಡಿ.